ಒಂದೂವರೆ ಗಂಟೆ ಸಿಕ್ಕಿತೇ? ಕಾಸರಗೋಡಿನ ವಿಪತ್ತು ನಿರ್ವಹಣಾ ಸೇವೆ, ಹೊಳೆ ಬದಿಯಿಂದ ಕಂಡಂತೆ

ನಾನು ಈ ಮೊದಲು ಬರೆದ ವಿಮರ್ಶೆಗಳು ಮೂರು. ಒಂದು ಅಡಿಕೆ ಸುಲಿಯುವ ಯಂತ್ರದ ಮೇಲೆ, ಇನ್ನೊಂದು ಕಳೆ ಕೊಚ್ಚುವ ಯಂತ್ರದ ಮೇಲೆ, ಮೂರನೆಯದು ಎರಡೇ ಮಳೆಗಾಲಕ್ಕೆ ಸೋರತೊಡಗಿದ ಟರ್ಪಾಲಿನ ಮೇಲೆ. ಇದು ನಾಲ್ಕನೆಯದು. ಇದಕ್ಕೆ ನಾನು ಯಾವ ಅಂಗಡಿಯಲ್ಲೂ ಹಣ ಕೊಟ್ಟಿಲ್ಲ. ಬಿಲ್ಲೂ ಇಲ್ಲ, ವಾರಂಟಿಯೂ ಇಲ್ಲ. ಆದರೆ ಪ್ರತಿ ವರ್ಷ ಪತ್ತನಾಜೆಯಿಂದ ಸೋಣ ತಿಂಗಳು ಮುಗಿಯುವ ತನಕ, ಅಂದರೆ ಮೇ ಕೊನೆಯಿಂದ ಸೆಪ್ಟೆಂಬರ್ ನಡುವಿನ ತನಕ, ದಿನಕ್ಕೆ ಎರಡು ಸಲವಾದರೂ ಬಳಸುತ್ತೇನೆ. ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ, ಅದರ ಕೆಳಗಿರುವ ನಮ್ಮ ಜಿಲ್ಲೆಯ ಪ್ರಾಧಿಕಾರ, ಇವರಿಬ್ಬರೂ ಸೇರಿ ಮಳೆಗಾಲದಲ್ಲಿ ನಮ್ಮಂಥವರಿಗೆ ಮುಟ್ಟಿಸುವ ಎಚ್ಚರಿಕೆ ಮತ್ತು ಸಹಾಯ: ಇವತ್ತಿನ ಸರಕು ಅದು.

ಸರಕನ್ನು ಅಳೆಯಲು ಒಂದು ಅಳತೆಗೋಲು ಬೇಕಲ್ಲ. ನನ್ನದು ತೋಟದ ಪಂಪ್. ಶಿರಿಯಾ ಹೊಳೆಯ ದಂಡೆಯಲ್ಲಿ ನಮ್ಮ ಅಡಿಕೆ ತೋಟ. ಬೇಸಗೆಯಲ್ಲಿ ಕಟ್ಟ ಕಟ್ಟಿ ನೀರು ನಿಲ್ಲಿಸುವ ಜಾಗದ ಪಕ್ಕದ ಸಣ್ಣ ಶೆಡ್ಡಿನಲ್ಲಿ ಐದು ಎಚ್‌ಪಿಯ ಮೋಟಾರು ಕೂತಿದೆ. ಮಳೆಗಾಲದಲ್ಲಿ ಅದರ ಕೆಲಸವಿಲ್ಲ, ಮೇ ತಿಂಗಳಲ್ಲೇ ಬಿಚ್ಚಿ ಮನೆಗೆ ತರಬಾರದೇ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳುತ್ತಾಳೆ. ಬಿಚ್ಚಿದರೆ ಮತ್ತೆ ಕೂರಿಸುವಾಗ ಮಟ್ಟ ಸರಿಯಾಗಬೇಕು, ಅದಕ್ಕೆ ಮೆಕ್ಯಾನಿಕ್ ಬರಬೇಕು, ಅವನು ಬರುವುದು ನಾಲ್ಕನೆಯ ಫೋನಿಗೆ. ಅಲ್ಲದೆ ವರ್ಷವೂ ಬರುವ ನೆರೆ ಶೆಡ್ಡಿನ ಮೂರನೆಯ ಮೆಟ್ಟಿಲಿಗೆ ನಿಂತು ಹಿಂದೆ ಹೋಗುತ್ತದೆ. ಯಾವಾಗಲೋ ಒಮ್ಮೆ ಅದಕ್ಕೆ ಒಳಗೆ ಬರುವ ಮನಸ್ಸಾಗುತ್ತದೆ. ಆ ದಿನ ನನಗೆ ಬೇಕಾದದ್ದು ಮೂರು ಜನ, ಒಂದು ಹಗ್ಗ, ಒಂದು ಬಿದಿರು, ಒಂದೂವರೆ ಗಂಟೆ, ಅದೂ ಬೆಳಕಿರುವಾಗ. ಆದ್ದರಿಂದ ಎಂಥ ಸರಕಾರಿ ಸೇವೆಗೂ ನನ್ನ ಪ್ರಶ್ನೆ ಒಂದೇ. ಆ ಒಂದೂವರೆ ಗಂಟೆಯನ್ನು ನನಗೆ ಕೊಡುತ್ತೀರಾ, ಇಲ್ಲವಾ?

ಈ ಸೇವೆಯ ಯಜಮಾನ ಯಾರು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. 2004ರ ಸುನಾಮಿಯ ಮರುವರ್ಷ, ಅಂದರೆ 2005ರಲ್ಲಿ, ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರ ಪ್ರಕಾರ ರಾಜ್ಯದಲ್ಲಿ ಮುಖ್ಯಮಂತ್ರಿ ಅಧ್ಯಕ್ಷರು, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯತಿನ ಅಧ್ಯಕ್ಷರು ಸಹ ಅಧ್ಯಕ್ಷರು. ನಮ್ಮ ಜಿಲ್ಲೆಯ ನಿಯಂತ್ರಣ ಕೊಠಡಿ ವಿದ್ಯಾನಗರದ ಕಲೆಕ್ಟರೇಟಿನಲ್ಲಿದೆ. ಅಲ್ಲಿಗೆ 1077, ತಿರುವನಂತಪುರದ ರಾಜ್ಯ ಕೇಂದ್ರಕ್ಕೆ 1070. ಈ ಎರಡು ಸಂಖ್ಯೆಗಳನ್ನು ಅಮ್ಮ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ.

ನಮಗೆ ದಿನವೂ ಕಾಣುವುದು ಬಣ್ಣಗಳು. ಹವಾಮಾನ ಇಲಾಖೆ ಹಳದಿ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆಯ ಸಾಧ್ಯತೆ, ಕಿತ್ತಳೆ ಎಂದರೆ 115.6ರಿಂದ 204.4 ಮಿ.ಮೀ., ಕೆಂಪು ಎಂದರೆ ಅದಕ್ಕಿಂತಲೂ ಹೆಚ್ಚು. ಅವರ ದಿನ ಹುಟ್ಟುವುದು ಬೆಳಗ್ಗೆ 8.30ಕ್ಕೆ. ಇದು ಗೊತ್ತಿಲ್ಲದೆ ನಾನು ಎಷ್ಟೋ ಕಾಲ ನಿನ್ನೆಯ ಮಳೆಯನ್ನು ಇವತ್ತಿನ ಲೆಕ್ಕಕ್ಕೆ ಹಾಕಿ ಪೇಪರಿನವರನ್ನು ಬೈದಿದ್ದೇನೆ. ಶಾಲೆಯ ಮಕ್ಕಳಿಗೆ ಈ ಬಣ್ಣಗಳಿಗೆ ಒಂದೇ ಅರ್ಥ, ಕಲೆಕ್ಟರರು ರಜೆ ಕೊಟ್ಟರೇ ಎಂದು. ಆ ವಿಷಯದಲ್ಲಿ ನಮ್ಮ ಜಿಲ್ಲೆಯ ಮಕ್ಕಳಷ್ಟು ಗಮನವಿಟ್ಟು ಹವಾಮಾನ ವರದಿ ಓದುವವರು ಬೇರೆ ಯಾರೂ ಇರಲಾರರು. ಹಳೆಯ ವರ್ಷದ ರಜೆಯ ಆದೇಶಕ್ಕೆ ಹೊಸ ತಾರೀಕು ಅಂಟಿಸಿ ವಾಟ್ಸಾಪ್‌ನಲ್ಲಿ ಹರಿಬಿಡುವ ಕಲೆಯೂ ಅವರಿಗೆ ಸಿದ್ಧಿಸಿದೆ.

ಅಡಿಕೆ ಬೆಳೆಯುವವನಿಗೆ ಬಣ್ಣದ ಉಪಯೋಗ ಬೇರೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರ ಹತ್ತುವವರ ಸಂಬಳ ಬೇರೆ. ಬಿಟ್ಟ ಮದ್ದು ಗೊನೆಯ ಮೇಲೆ ಒಣಗುವ ಮೊದಲು ಮಳೆ ತೊಳೆದುಕೊಂಡು ಹೋದರೆ ಹೊಳೆಯ ಮೀನಿಗೆ ಮದ್ದು ಬಿಟ್ಟಂತಾಯಿತು. ಬಣ್ಣವಿಲ್ಲದ ದಿನ ನೋಡಿ ಜನ ಕರೆಯುವ ಅಭ್ಯಾಸ ಮಾಡಿಕೊಂಡ ಮೇಲೆ ನನಗೆ ಮದ್ದಿನಲ್ಲೇ ಸಾಕಷ್ಟು ಉಳಿದಿದೆ. ಇದಕ್ಕಾಗಿ ಯಾರೂ ಈ ಸೇವೆ ಶುರುಮಾಡಿದ್ದಲ್ಲ. ಕೊಡೆಯನ್ನು ದೊಣ್ಣೆಯಾಗಿ ಬಳಸುವಂತೆ ನಾನು ಬಳಸಿಕೊಂಡೆ.

ಆದರೆ ಬಣ್ಣದ ದೊಡ್ಡ ದೋಷ ಎಂದರೆ ಅದು ಇಡೀ ಜಿಲ್ಲೆಗೆ ಒಂದೇ. ಸಮುದ್ರದ ಬದಿಯ ಮಂಜೇಶ್ವರ, ಘಟ್ಟದ ಬುಡದ ವೆಳ್ಳರಿಕುಂಡು, ನಡುವೆ ಹನ್ನೆರಡು ಹೊಳೆಗಳು. ಕೇರಳದ 44 ಹೊಳೆಗಳಲ್ಲಿ ಹನ್ನೆರಡು ನಮ್ಮ ಸಣ್ಣ ಜಿಲ್ಲೆಯಲ್ಲಿಯೇ ಇವೆ. ರಾಣಿಪುರದಲ್ಲಿ ಜಡಿಮಳೆ ಬಂದರೆ ನಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸಬಹುದು. ಹಾಗಾಗಿ ಎರಡು ವರ್ಷ ನಾನು ಹಳದಿಯನ್ನು ಹಳದಿ ಎಂದೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೂರನೆಯ ವರ್ಷ ನೆರೆಮನೆಯ ಇಚ್ಚ ಒಂದು ಮಾತು ಹೇಳಿದರು. “ನೀವು ಬಣ್ಣ ನೋಡುವುದು ಬಿಡಿ, ಹೊಳೆಯ ಪಟ್ಟಿ ನೋಡಿ” ಎಂದರು. ಆಗ ಗೊತ್ತಾದದ್ದು, ಹೊಳೆಗಳ ನೀರಿನ ಮಟ್ಟದ ಎಚ್ಚರಿಕೆ ಬೇರೆಯೇ ಬರುತ್ತದೆ. ಅದರಲ್ಲಿ ಹೊಳೆಯ ಹೆಸರಿನ ಜೊತೆಗೆ ಅಳತೆಯ ಜಾಗದ ಹೆಸರೂ ಇರುತ್ತದೆ. ಉಪ್ಪಳ ಹೊಳೆಗೆ ಉಪ್ಪಳ ನಿಲ್ದಾಣ, ಮೊಗ್ರಾಲಿಗೆ ಮಧೂರು ನಿಲ್ದಾಣ, ನಮ್ಮ ಶಿರಿಯಾಕ್ಕೆ ಪುತ್ತಿಗೆ ನಿಲ್ದಾಣ. ಮಧೂರಿನಲ್ಲಿ ಅಳತೆ ಯಾಕೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಹರಿಯುವ ಮಧುವಾಹಿನಿ ಹೊಳೆ ತುಂಬಿದರೆ ಮಹಾಗಣಪತಿಯ ದೇವಸ್ಥಾನದ ಒಳಗೇ ನೀರು. ಅಂಗಳದಲ್ಲಿ ಮೊಣಕಾಲು ಮಟ್ಟದ ನೀರಿನಲ್ಲಿ ನಡೆಯುವ ಭಟ್ಟರ ಚಿತ್ರ ಪ್ರತಿ ಮಳೆಗಾಲದಲ್ಲೂ ಎಲ್ಲರ ಫೋನಿಗೂ ಬರುತ್ತದೆ. ಈ ಹೊಳೆಪಟ್ಟಿಯೇ ನನ್ನ ಮಟ್ಟಿಗೆ ಇಡೀ ಸೇವೆಯ ಮುಕುಟ. ಆದರೆ ಇದನ್ನು ಹುಡುಕಿ ಓದಬೇಕು, ಬಣ್ಣದ ಹಾಗೆ ತಾನಾಗಿ ಎದುರಿಗೆ ಬಂದು ನಿಲ್ಲುವುದಿಲ್ಲ.

ಈಗ ಆ ರಾತ್ರಿಯ ಕಥೆ. ಕೆಲವು ವರ್ಷದ ಹಿಂದಿನ ಆಟಿ ತಿಂಗಳು, ಜುಲೈ-ಆಗಸ್ಟ್‌ನ ಜಡಿಮಳೆಯ ಕಾಲ. ಮಧ್ಯಾಹ್ನ ಒಂದು ಗಂಟೆಗೆ ಹೊಳೆಯ ಎಚ್ಚರಿಕೆ ಬಂದಿತ್ತು, ಶಿರಿಯಾ, ಪುತ್ತಿಗೆ. ನಾನು ಓದಿದ್ದೆ. ಓದಿ ಅಂಗಳಕ್ಕೆ ಬಂದು ನೋಡಿದರೆ ವಾರದಿಂದ ಕಾಣದ ಬಿಸಿಲು. ಬಿಸಿಲು ಕಂಡ ಅಡಿಕೆಯವನಿಗೆ ಬುದ್ಧಿ ಇರುವುದಿಲ್ಲ. ಮರ ಹತ್ತುವ ಅಣ್ಣನಿಗೆ ಫೋನು ಮಾಡಿ ಮೈಲುತುತ್ತು ಕರಗಿಸಲು ಕೂತೆ. ಸಂಜೆ ಆರಕ್ಕೆ ಮೋಡ ಕಟ್ಟಿತು. ಎಂಟಕ್ಕೆ ಕರೆಂಟು ಹೋಯಿತು. ಒಂಬತ್ತಕ್ಕೆ ಪುತ್ತೂರು ತಾಲೂಕಿನಲ್ಲಿರುವ ಭಾವನ ಫೋನು: “ಭಾವಾ, ಇಲ್ಲಿ ಸಂಜೆಯಿಂದ ಒಂದೇ ಸಮನೆ ಹೊಯ್ಯುತ್ತಿದೆ, ತೋಡು ರಸ್ತೆಗೆ ಬಂದಾಯಿತು. ನಿಮ್ಮಲ್ಲಿಗೆ ಬರಲು ಹೆಚ್ಚು ಹೊತ್ತಿಲ್ಲ.” ಶಿರಿಯಾ ಹುಟ್ಟುವುದು ಕರ್ನಾಟಕದ ಕಡೆಯ ಗುಡ್ಡಗಳಲ್ಲಿ. ಅಲ್ಲಿಂದ ಸುಮಾರು 67 ಕಿ.ಮೀ. ಹರಿದು ನಮ್ಮ ಕಡಲಿಗೆ ಸೇರುತ್ತದೆ. ಅಲ್ಲಿ ಬಿದ್ದ ನೀರಿಗೆ ಗಡಿಯಲ್ಲಿ ಚೆಕ್‌ಪೋಸ್ಟ್ ಇಲ್ಲ.

ಹತ್ತೂವರೆಗೆ ಟಾರ್ಚು ಹಿಡಿದು ಇಳಿದರೆ ಮೂರನೆಯ ಮೆಟ್ಟಿಲು ಇರಲಿಲ್ಲ. ಶೆಡ್ಡಿನ ಬಾಗಿಲು ಅರ್ಧ ಮಾತ್ರ ಕಂಡಿತು. ಮೋಟಾರಿನ ಆಸೆ ಅಲ್ಲಿಗೆ ಬಿಟ್ಟೆ. ಮನೆಯಲ್ಲಿ 81 ವರ್ಷದ ಅಮ್ಮ, ಹೆಂಡತಿ, ಹಟ್ಟಿಯಲ್ಲಿ ಎರಡು ದನ, ಒಂದು ಕರು. ನೀರು ಕೆಳಗಿನ ಅಂಗಳಕ್ಕೆ ಬರುತ್ತಿತ್ತು. 1077ಕ್ಕೆ ಕರೆ ಮಾಡಿದೆ.

ಎರಡನೆಯ ರಿಂಗಿಗೇ ಎತ್ತಿದರು. ನಾನು ಗಾಬರಿಯಲ್ಲಿ ಕನ್ನಡದಲ್ಲೇ ಮಾತು ಶುರುಮಾಡಿದ್ದೆ. ಆ ಕಡೆಯ ಹುಡುಗ ಮಲಯಾಳದಲ್ಲಿ ಒಂದು ನಿಮಿಷ ಎಂದ. ನಿಮಿಷ ತುಂಬುವ ಮೊದಲೇ ಬೇರೆ ಧ್ವನಿ ಬಂತು, ನಮ್ಮ ಕಡೆಯ ಕನ್ನಡ, ನಡುನಡುವೆ ತುಳು. ಮೊದಲ ಪ್ರಶ್ನೆ ಹೆಸರಲ್ಲ, “ನೀರು ಎಲ್ಲಿಯವರೆಗೆ ಬಂದಿದೆ?” ಎರಡನೆಯದು, ನಡೆಯಲು ಆಗದವರು ಮನೆಯಲ್ಲಿ ಇದ್ದಾರೆಯೇ? ಮೂರನೆಯದು ಪಂಚಾಯತು, ವಾರ್ಡು, ಹತ್ತಿರದ ಗುರುತು. ನಾಲ್ಕನೆಯದು ನನ್ನ ಹೆಸರು. ಫೋನಿನಲ್ಲಿ ಎಷ್ಟು ಚಾರ್ಜು ಉಳಿದಿದೆ ಎಂದೂ ಕೇಳಿದರು. ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿ ಎಂದರು. ಕರೆಂಟು ಇಲ್ಲವಲ್ಲ ಎಂದೆ. “ಬಂದರೆ?” ಎಂದರು. ಆ ಒಂದು ಪದಕ್ಕೆ ನಾನು ಐದು ನಕ್ಷತ್ರ ಕೊಡುತ್ತೇನೆ. ಎಷ್ಟೋ ಸೇವಾ ಕೇಂದ್ರಗಳಿಗೆ ಕರೆ ಮಾಡಿ ಒಂದನ್ನು ಒತ್ತಿ ಎರಡನ್ನು ಒತ್ತಿ ಎಂದು ಕೇಳಿ ಕೇಳಿ ಸೋತ ಕಿವಿ ಇದು.

ಇಪ್ಪತ್ತು ನಿಮಿಷದಲ್ಲಿ ವಾರ್ಡ್ ಸದಸ್ಯೆಯ ಕರೆ ಬಂತು. ಅದರ ಹಿಂದೆಯೇ ಮೇಲಿನ ರಸ್ತೆಯಲ್ಲಿ ಜೀಪಿನ ಬೆಳಕು. ನಾಲ್ಕು ಜನ ಯುವಕರು. ಅವರಲ್ಲಿ ಇಬ್ಬರು ಸಾಮೂಹಿಕ ಸನ್ನದ್ಧ ಸೇನೆಯಲ್ಲಿ ಹೆಸರು ಬರೆಸಿ ತರಬೇತಿ ಪಡೆದವರು. 2018ರ ಮಹಾನೆರೆಯಲ್ಲಿ ತೆಂಕಣ ಜಿಲ್ಲೆಗಳ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಹೋಗಿ ಜನರನ್ನು ಎತ್ತಿ ತಂದದ್ದು ಎಲ್ಲರಿಗೂ ನೆನಪಿದೆ. ಆ ಅನುಭವದ ಮೇಲೆಯೇ ರಾಜ್ಯ 2020ರಲ್ಲಿ ಈ ಸೇನೆಯನ್ನು ಕಟ್ಟಿತು. ನೂರು ಜನರಿಗೆ ಒಬ್ಬ ಸ್ವಯಂಸೇವಕ ಎಂಬುದು ಗುರಿ. ನಮ್ಮಲ್ಲಿಗೆ ಬಂದವನು ಮೀನುಗಾರನಲ್ಲ, ಸೀತಾಂಗೋಳಿಯಲ್ಲಿ ಮೊಬೈಲ್ ರಿಪೇರಿ ಮಾಡುವವನು. ಹಗ್ಗದ ಗಂಟು ಮಾತ್ರ ಕಡಲವನ ಹಾಗೆ ಹಾಕುತ್ತಿದ್ದ.

ಅಮ್ಮ ಏಳಲು ಒಪ್ಪಲಿಲ್ಲ. ದನ ಬಿಟ್ಟು ಬರುವುದಿಲ್ಲ ಎಂದರು. ಹುಡುಗರು ವಾದ ಮಾಡಲಿಲ್ಲ. ಒಬ್ಬ ಹಟ್ಟಿಗೆ ಹೋಗಿ ಹಗ್ಗ ಬಿಚ್ಚಿ ದನಗಳನ್ನು ಮೇಲಿನ ಗುಡ್ಡೆಯ ಇಚ್ಚನ ಶೆಡ್ಡಿಗೆ ಹೊಡೆದುಕೊಂಡು ಹೋಗಿ, ಬಂದು, “ಅಜ್ಜಿ, ಅವುಗಳು ಮೇಲೆ ಹೋದವು, ಇನ್ನು ನೀವು” ಎಂದ. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ ಅಮ್ಮನನ್ನು ಹೊತ್ತರು. ದಾರಿಯುದ್ದಕ್ಕೂ ಅಮ್ಮ ಹೇಳಿದ್ದು ಒಂದೇ, ಜಾಗ್ರತೆ, ಕಾಲು ಜಾರೀತು, ನಿಮ್ಮ ಮನೆಯಲ್ಲಿ ಯಾರೂ ಕಾಯುವವರಿಲ್ಲವೇ.

ವಾರ್ಡ್ ಸದಸ್ಯೆಗೆ ಅಮ್ಮನ ವಿಷಯ ಮೊದಲೇ ಗೊತ್ತಿತ್ತು. ಹೇಗೆ ಎಂದು ಆಮೇಲೆ ಕೇಳಿದೆ. 2019-20ರಲ್ಲಿ ಕೇರಳದ ಪಂಚಾಯತುಗಳೆಲ್ಲ ತಮ್ಮ ತಮ್ಮ ವಿಪತ್ತು ಯೋಜನೆ ಬರೆಯಬೇಕೆಂದು ‘ನಮ್ಮಳ್ ನಮುಕ್ಕಾಯಿ’ ಎಂಬ ಅಭಿಯಾನ ನಡೆದಿತ್ತು. ನಮಗಾಗಿ ನಾವೇ ಎಂದು ಅರ್ಥ. ಎಚ್ಚರಿಕೆ ಮುಟ್ಟಿಸಲು ಒಂದು ತಂಡ, ಹುಡುಕಿ ಎತ್ತಿ ತರಲು ಒಂದು, ಪ್ರಥಮ ಚಿಕಿತ್ಸೆಗೆ ಒಂದು, ಶಿಬಿರ ನೋಡಿಕೊಳ್ಳಲು ಒಂದು ಎಂದು ಅದರಲ್ಲಿ ವಿಂಗಡಣೆ. ಆಗ ಮನೆಮನೆಗೆ ಬಂದವರು ಬರೆದುಕೊಂಡು ಹೋದ ಪುಸ್ತಕದಲ್ಲಿ ಹೊಳೆ ಬದಿಯ ಮನೆ, ವಯಸ್ಸಾದವರು ಒಬ್ಬರು ಎಂದು ನಮ್ಮ ಮನೆಯ ಸಾಲು ಇತ್ತಂತೆ. ಆ ದಿನ ಬಂದ ಹುಡುಗಿಗೆ ನಾನು ಇದೆಲ್ಲ ಕಾಗದ ತುಂಬಿಸುವ ಕೆಲಸ ಎಂದು ಉಪದೇಶ ಮಾಡಿ ಕಳುಹಿಸಿದ್ದು ನೆನಪಾಗಿ ಸುಮ್ಮನಾದೆ.

ಶಿಬಿರ ನಡೆದದ್ದು ನಾನು ಕಲಿತ ಕನ್ನಡ ಶಾಲೆಯಲ್ಲಿ. ಮೂರನೆಯ ತರಗತಿಯ ಕೋಣೆ ನಮಗೆ. ಬೆಂಚು ಜೋಡಿಸಿ ಮಂಚ ಮಾಡಿದ್ದರು, ಕಪ್ಪುಹಲಗೆಯ ಮೇಲೆ ಯಾರೋ ಬರೆದ ಒತ್ತಕ್ಷರದ ಪದಗಳು ಹಾಗೆಯೇ ಇದ್ದವು. ಬಂದ ಕೂಡಲೇ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ನುಂಗುವ ಮಾತ್ರೆಗಳ ಹೆಸರು. ಅಮ್ಮನ ಬಿ.ಪಿ. ಮಾತ್ರೆ ಮನೆಯಲ್ಲೇ ಉಳಿದಿತ್ತು. ಬೆಳಗ್ಗೆ ಏಳಕ್ಕೆ ಆಶಾ ಕಾರ್ಯಕರ್ತೆ ಅದೇ ಮಾತ್ರೆ ತಂದುಕೊಟ್ಟರು. ಕುಟುಂಬಶ್ರೀ ಮಹಿಳಾ ಸಂಘದ ಹೆಂಗಸರು ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ ಬಡಿಸಿದರು. ರಾತ್ರಿ ಮೀನು ಇತ್ತು. ಮೀನು ತಿನ್ನದ ನಮ್ಮಂಥ ನಾಲ್ಕು ಮನೆಯವರಿಗೆ ಕೇಳದೆಯೇ ಬೇರೆ ಪಾತ್ರೆಯಲ್ಲಿ ಸಾರು. ನೆರೆ ನೀರಿನಲ್ಲಿ ಕಾಲಿಟ್ಟವರಿಗೆಲ್ಲ ಇಲಿಜ್ವರ ಬಾರದಿರಲಿ ಎಂದು ಡಾಕ್ಸಿಸೈಕ್ಲಿನ್ ಮಾತ್ರೆ. ಕೊಡುವ ಆರೋಗ್ಯ ಕಾರ್ಯಕರ್ತೆಗೆ ಮಲಯಾಳ ಮಾತ್ರ, ತೆಗೆದುಕೊಳ್ಳುವ ಅಮ್ಮನಿಗೆ ಹವ್ಯಕ ಕನ್ನಡ ಮಾತ್ರ. ನಡುವೆ ಇಚ್ಚನ ಹೆಂಡತಿ ಕೂತು ಒಂದು ಕಡೆಗೆ ಮಲಯಾಳ, ಇನ್ನೊಂದು ಕಡೆಗೆ ತುಳು. ತುಳು ಅಮ್ಮನಿಗೆ ಅರ್ಥವಾಗುತ್ತದೆ, ಆದರೆ ಉತ್ತರ ಕನ್ನಡದಲ್ಲೇ. ಮೂರು ಭಾಷೆ ದಾಟಿ ಆ ಮಾತ್ರೆ ಹೊಟ್ಟೆಗೆ ಹೋಯಿತು. ಮನೆಗೆ ಮರಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಜನ ಬಂದರು. 1000 ಲೀಟರ್ ನೀರಿಗೆ 5 ಗ್ರಾಂ ಲೆಕ್ಕ, ಮಾಮೂಲಿಗಿಂತ ಇಮ್ಮಡಿ. ಬಾವಿಯ ಆಳ, ಅಗಲ ಅಳೆದೇ ಹಾಕಿದರು, ಮುಷ್ಟಿ ಲೆಕ್ಕದಲ್ಲಿ ಅಲ್ಲ.

ಇಲ್ಲಿಯವರೆಗೆ ಬರೀ ಹೊಗಳಿಕೆಯಾಯಿತು. ಮೋಟಾರಿನ ಗತಿ? ಮುಳುಗಿತು. ರೀವೈಂಡಿಂಗಿಗೆ 6,500 ರೂಪಾಯಿ. ಅಳತೆಗೋಲಿನ ಪ್ರಕಾರ ಸೇವೆ ಸೋತಿತೇ ಎಂದರೆ, ಇಲ್ಲ. ಮಧ್ಯಾಹ್ನ ಒಂದಕ್ಕೆ ಎಚ್ಚರಿಕೆ ಬಂದಿತ್ತು, ಬೆಳಕು ಆರರವರೆಗೆ ಇತ್ತು. ಒಂದೂವರೆ ಗಂಟೆ ಕೇಳಿದವನಿಗೆ ಐದು ಗಂಟೆ ಸಿಕ್ಕಿತ್ತು. ಕೊಟ್ಟವರಿಗೆ ಐದು ನಕ್ಷತ್ರ, ಬಿಸಿಲು ನೋಡಿ ಮರುಳಾದವನಿಗೆ ಒಂದೂವರೆ.

ಸಿಟ್ಟು ಬಂದದ್ದು ಬೇರೆ ಕಡೆ. ನಷ್ಟದ ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಓದುವವರಲ್ಲಿ ಹಲವರಿಗೆ ಇದು ತಮ್ಮ ಊರಿನದ್ದೇ ಎಂದು ಅನಿಸಬಹುದು. ಬಿದ್ದ ಅಡಿಕೆ ಮರಗಳಿಗೆ ಒಂದು ಕಡೆ ಅರ್ಜಿ, ಹಟ್ಟಿಯ ಗೋಡೆಗೆ ಇನ್ನೊಂದು ಕಡೆ, ಮೋಟಾರಿಗೆ ಎಲ್ಲಿಯೂ ಇಲ್ಲ. “ಮೋಟಾರು ಬೆಳೆಯೂ ಅಲ್ಲ, ಮನೆಯೂ ಅಲ್ಲ, ದನವೂ ಅಲ್ಲ” ಎಂದು ಅಲ್ಲಿದ್ದವರು ವೇದಾಂತಿಯ ಹಾಗೆ ಹೇಳಿದರು. ಬೆಳೆನಷ್ಟವನ್ನು ಕೃಷಿ ಇಲಾಖೆಯ ಪೋರ್ಟಲ್‌ನಲ್ಲಿ ಹತ್ತು ದಿನದ ಒಳಗೆ ದಾಖಲಿಸಬೇಕು. ನಾನು ಕಾಗದ ಹಿಡಿದು ಒಂದು ಮೇಜಿನಿಂದ ಇನ್ನೊಂದಕ್ಕೆ ತಿರುಗುವಾಗ ಎಂಟು ದಿನ ಕಳೆದಿತ್ತು. ಬಿದ್ದ ಮರದ ಫೋಟೋ ಬೇಕು ಎಂದು ಯಾರೂ ಮೊದಲು ಹೇಳಲಿಲ್ಲ, ಅಷ್ಟರಲ್ಲಿ ಮರ ಕಡಿದು ದಳೆ ಮಾಡಿ ತೋಡಿಗೆ ಹಾಕಿ ಆಗಿತ್ತು. ನೀವು ಅದೇ ದಿನ ಫೋಟೋ ತೆಗೆದಿಡಿ. ಮರದ ಪಕ್ಕ ಮನೆಯವರು ಒಬ್ಬರು ನಿಂತಿರಲಿ.

ಭಾಷೆಯ ವಿಷಯಕ್ಕೆ ಬರುತ್ತೇನೆ. ನಮ್ಮ ವಾರ್ಡಿನ ವಾಟ್ಸಾಪ್ ಗುಂಪಿಗೆ ಬರುವ ಎಚ್ಚರಿಕೆ ಮಲಯಾಳದಲ್ಲಿರುತ್ತದೆ, ಕೆಲವೊಮ್ಮೆ ಇಂಗ್ಲಿಷಿನಲ್ಲಿ. ನನ್ನ ತಲೆಮಾರಿನವರು ಬಸ್ಸಿನ ಬೋರ್ಡು ಓದಿ ಓದಿ ಮಲಯಾಳ ಲಿಪಿ ಕಲಿತೆವು. ಅಮ್ಮನ ತಲೆಮಾರಿನವರಿಗೆ ಅದು ಸುರುಳಿ ಸುರುಳಿ ರಂಗೋಲಿ. 1956ಕ್ಕೆ ಮೊದಲು ಶಾಲೆಗೆ ಸೇರಿದವರು ಅವರು. ಆಗ ಕಾಸರಗೋಡು ಮದ್ರಾಸಿನ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನೆರೆಯಲ್ಲಿ ಮೊದಲು ಎಬ್ಬಿಸಬೇಕಾದವರು ಅವರೇ. ಆದ್ದರಿಂದ ನಾನೇ ಕನ್ನಡದಲ್ಲಿ ಬರೆದು ಗುಂಪಿಗೆ ಹಾಕತೊಡಗಿದೆ. ಕೆಲಸ ಅಂದುಕೊಂಡಷ್ಟು ಸುಲಭವಲ್ಲ. ‘ಉರುಳ್‌ಪೊಟ್ಟಲ್’ ಎಂಬುದಕ್ಕೆ ಪೇಪರಿನ ಭಾಷೆಯಲ್ಲಿ ಭೂಕುಸಿತ ಎಂದು ಬರೆದೆ. ಮೇಲಿನ ಮನೆಯ ಅಜ್ಜ ಭೂಕಂಪ ಎಂದು ತಿಳಿದು ಅಂಗಳದಲ್ಲಿ ಮಲಗಿದರು, ಅದೂ ಮಳೆಯಲ್ಲಿ. ಮರುದಿನದಿಂದ ‘ಗುಡ್ಡೆ ಜರಿಯಬಹುದು’ ಎಂದೇ ಬರೆಯುತ್ತೇನೆ. ಎಲ್ಲೋ ದೂರದ ಸಮುದ್ರದ ಬಿರುಗಾಳಿಯಿಂದ ಎದ್ದ ಅಲೆ ಇಲ್ಲಿ ಗಾಳಿಯೇ ಇಲ್ಲದ ದಿನ ದಡಕ್ಕೆ ನುಗ್ಗುವುದಕ್ಕೆ ‘ಕಳ್ಳಕ್ಕಡಲ್’ ಎಂದು ಮಲಯಾಳದ ಹೆಸರು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದವರೂ ಅದನ್ನೇ ಬಳಸುತ್ತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಎಷ್ಟು ಚೆಂದದ ಪದ! ನಾನು ಹಾಗೆಯೇ ‘ಕಳ್ಳಕಡಲು’ ಎಂದು ಇಟ್ಟೆ. ಅಮ್ಮ ಓದಿ, “ದೋಣಿಯಲ್ಲಿ ಕಳ್ಳರು ಬರುತ್ತಾರಂತೆಯೋ?” ಎಂದು ಹಿಂದಿನ ಬಾಗಿಲಿಗೆ ಅಗುಳಿ ಹಾಕಿದರು. ಉಪ್ಪಳದ ಮುಸೋಡಿ ಕಡೆ ಕಡಲ್ಕೊರೆತದಲ್ಲಿ ಮನೆ ಕಳೆದುಕೊಳ್ಳುವವರಿಗೆ ಇದು ನಗುವ ವಿಷಯವಲ್ಲ. ಕಡಲ್ಕೊರೆತ, ಸಿಡಿಲು, ಬಿರುಗಾಳಿ ಇವನ್ನು ಕೇರಳ ತನ್ನದೇ ರಾಜ್ಯದ ವಿಪತ್ತುಗಳ ಪಟ್ಟಿಗೆ ಸೇರಿಸಿಕೊಂಡಿರುವುದು ಅದಕ್ಕೇ.

ಭಾಷೆ ಬೇಡದ ಒಂದು ಸಾಧನವೂ ಬಂದಿದೆ, ಸೈರನ್. 2025ರ ಜನವರಿಯಲ್ಲಿ ‘ಕವಚಂ’ ಎಂಬ ಹೆಸರಿನಲ್ಲಿ ರಾಜ್ಯದಾದ್ಯಂತ 126 ಸೈರನ್‌ಗಳ ವ್ಯವಸ್ಥೆ ಉದ್ಘಾಟನೆಯಾಯಿತು. ಕೂಗುವುದರ ಜೊತೆಗೆ ದೀಪವೂ ಮಿನುಗುತ್ತದೆ. ನಮ್ಮ ಕಣಿವೆಗೆ ಅದರ ಸದ್ದು ತಲುಪುವುದಿಲ್ಲ. ನಮಗೆ ಕೇಳುವುದು ಗಂಡು ನವಿಲು ಮತ್ತು ಮಿಲ್ಲಿನ ಕೂಗು. ಇನ್ನೊಂದು, ಫೋನೇ ಕಿರುಚುವ ಎಚ್ಚರಿಕೆ. 2023ರ ಅಕ್ಟೋಬರಿನಲ್ಲಿ ಅದರ ಪರೀಕ್ಷೆ ನಡೆದ ದಿನ ನಮ್ಮ ಮನೆಯ ಮೂರೂ ಫೋನುಗಳು ಒಟ್ಟಿಗೆ ಅರಚಿ ದನ ಹಗ್ಗ ಕಿತ್ತುಕೊಂಡಿತ್ತು. ಅಂಥದ್ದು ನಿಜವಾದ ನೆರೆಗೆ ಬಂದಿದ್ದರೆ ಮೈಲುತುತ್ತು ಕರಗಿಸಲು ನಾನು ಕೂರುತ್ತಿರಲಿಲ್ಲವೇನೋ.

ನನಗೆ ಈ ಸೇವೆಯಲ್ಲಿ ಕಾಣುವ ನಿಜವಾದ ತೂತು ಬೇರೆ. ಆ ರಾತ್ರಿ ನನಗೆ ಮೇಲಿನ ಮಳೆಯ ಸುದ್ದಿ ಕೊಟ್ಟದ್ದು ಭಾವ. ಗಡಿಯಾಚೆ ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗೊಂದರಂತೆ ಮಳೆಮಾಪಕ ಇಟ್ಟಿದ್ದಾರೆ. ‘ವರುಣಮಿತ್ರ’ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಉತ್ತರ. ಭಾವ ನಮ್ಮ ಪಂಚಾಯತಿನಲ್ಲಿ ಇಷ್ಟು ಮಿ.ಮೀ. ಎಂದು ಬೀಗುತ್ತಾನೆ. ನಾನು ನಮ್ಮ ಕಂಟ್ರೋಲ್ ರೂಮು ಎರಡನೇ ರಿಂಗಿಗೆ ಎತ್ತುತ್ತದೆ ಎಂದು ಬೀಗುತ್ತೇನೆ. ಶಿರಿಯಾ ಮಾತ್ರವಲ್ಲ, ಕೊಡಗಿನ ಗುಡ್ಡಗಳಿಂದ ಇಳಿದು ಸುಳ್ಯ ದಾಟಿ ಬರುವ ಪಯಸ್ವಿನಿಯೂ ಇಲ್ಲಿಗೆ ಬಂದು ಚಂದ್ರಗಿರಿಯಾಗುತ್ತದೆ. ಮೇಲಿನ ಮಳೆಮಾಪಕದ ಲೆಕ್ಕ, ಕೆಳಗಿನ ಹೊಳೆಯ ಮಟ್ಟ, ಎರಡನ್ನೂ ಒಂದೇ ಸಂದೇಶದಲ್ಲಿ ಹಾಕಿ ಕೊಟ್ಟರೆ ಹೊಳೆ ಬದಿಯವರಿಗೆ ಭಾವ ಬೇಕಾಗುವುದಿಲ್ಲ. ಎಲ್ಲರಿಗೂ ಆಯಕಟ್ಟಿನ ಜಾಗದಲ್ಲಿ ಭಾವ ಇರುವುದಿಲ್ಲವಲ್ಲ. 2020ರ ಮಾರ್ಚಿನಲ್ಲಿ ಕೊರೋನ ಬಂದಾಗ ಇದೇ ಗಡಿಯ ರಸ್ತೆಗಳಿಗೆ ಆಚೆ ಕಡೆಯಿಂದ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗೆ ಹೊರಟವರು ಗಡಿಯ ತಲಪಾಡಿಯಲ್ಲೇ ನಿಂತರು. ಎರಡು ಕಡೆಯೂ ಇದ್ದದ್ದು 2005ರ ಒಂದೇ ಕಾಯ್ದೆ.

ಸೈರನ್ ಇಲ್ಲದ ವಿಪತ್ತನ್ನೂ ಈ ಜಿಲ್ಲೆ ಕಂಡಿದೆ. ಪಡ್ರೆಯ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷವರ್ಷ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ನಿಂತಾಗ 2000ನೇ ಇಸವಿ. ಅದಕ್ಕೆ ಹಳದಿಯೂ ಇರಲಿಲ್ಲ, ಕೆಂಪೂ ಇರಲಿಲ್ಲ. ಅದನ್ನು ಈ ವಿಮರ್ಶೆಯ ಲೆಕ್ಕಕ್ಕೆ ಸೇರಿಸುವುದಿಲ್ಲ, ಆದರೆ ಬರೆಯದೆ ಮುಂದೆ ಹೋಗಲು ಕೈ ಬರಲಿಲ್ಲ.

ಇನ್ನು ತುರ್ತು ಚೀಲ. ಪ್ರಾಧಿಕಾರದವರು ಪ್ರತಿ ಮನೆಯಲ್ಲೂ ಒಂದು ಚೀಲ ಸಿದ್ಧವಿರಲಿ ಎಂದು ಪಟ್ಟಿ ಕೊಡುತ್ತಾರೆ. ಟಾರ್ಚು, ರೇಡಿಯೋ, ಅರ್ಧ ಲೀಟರ್ ನೀರು, ಓಆರ್‌ಎಸ್, ಗಾಯಕ್ಕೆ ಮದ್ದು, ಸಣ್ಣ ಚೂರಿ, ಕ್ಲೋರಿನ್ ಮಾತ್ರೆ, ನೂರು ಗ್ರಾಂ ನೆಲಗಡಲೆ, ನೂರು ಗ್ರಾಂ ಒಣದ್ರಾಕ್ಷಿ ಅಥವಾ ಖರ್ಜೂರ. ಆ ನೂರು ಗ್ರಾಂ ಎಂಬ ನಿಖರತೆ ನೋಡಿ ನಾನು ಮೊದಲು ನಕ್ಕಿದ್ದೆ. ಕುರ್ಚಿಯಲ್ಲಿ ಹೊತ್ತುಕೊಂಡು ಹೋದ ರಾತ್ರಿಯ ನಂತರ ಅಮ್ಮನೇ ಆ ಚೀಲ ಕಟ್ಟಿಸಿದರು. ರೇಷನ್ ಕಾರ್ಡ್, ಆಧಾರ್, ಜಾಗದ ತೆರಿಗೆ ರಶೀದಿ ಪ್ಲಾಸ್ಟಿಕ್ಕಿನಲ್ಲಿ. ಬಿ.ಪಿ. ಮಾತ್ರೆ ಹದಿನೈದು ದಿನದ್ದು. ಪಟ್ಟಿಯಲ್ಲಿ ಇಲ್ಲದ್ದು ಎರಡು: ವೀಳ್ಯದ ಸಂಚಿ, ದನ ಕಟ್ಟುವ ಹಗ್ಗ. ಚೀಲವನ್ನು ಜಗಲಿಯ ಮೊಳೆಗೆ ತೂಗುಹಾಕಿದ್ದಾರೆ, ತಾವು ಕೂರುವ ಜಾಗಕ್ಕೆ ಕೈಗೆಟುಕುವ ಹಾಗೆ.

ಈ ಸಲ ಪತ್ತನಾಜೆಯ ದಿನ ಮೆಕ್ಯಾನಿಕ್‌ನನ್ನು ಕರೆಸಿದೆ. ಮೂರನೆಯ ಫೋನಿಗೇ ಬಂದ. ಮೋಟಾರು ಬಿಚ್ಚಿ, ಗೋಣಿ ಸುತ್ತಿ ಜಗಲಿಯ ಮೂಲೆಯಲ್ಲಿ ಇಟ್ಟಾಗಿದೆ. ಚೀಲವನ್ನೂ ಇಳಿಸಿ ಪಟ್ಟಿ ಹಿಡಿದು ಪರೀಕ್ಷೆ ಮಾಡಿದೆ. ಟಾರ್ಚಿನ ಸೆಲ್ಲು ಸರಿ ಇದೆ, ಮಾತ್ರೆ ಇದೆ, ನೆಲಗಡಲೆ ಹಾಗೆಯೇ ಇದೆ. ಖರ್ಜೂರದ ಪೊಟ್ಟಣದಲ್ಲಿ ಬೀಜ ಮಾತ್ರ ಇದ್ದವು. ಅಮ್ಮನ ಕಡೆ ನೋಡಿದೆ. ಅವರು ಕನ್ನಡಕ ಸರಿಪಡಿಸಿಕೊಂಡು, ನಾನು ಬೆಳಗ್ಗೆ ಗುಂಪಿಗೆ ಹಾಕಿದ ಸಂದೇಶದಲ್ಲಿ ‘ಎಚ್ಚರಿಕೆ’ಯ ಚಕಾರಕ್ಕೆ ಒತ್ತು ತಪ್ಪಿದೆ ಎಂದರು.